ಕಿಂಗ್ 1000/6000 ಸಾಣೆಕಲ್ಲು: ಕ್ಷೌರದ ಕತ್ತಿಗೆ ಮುಕ್ಕಾಲು ಪಾಲು ಸಾಕು

ಮುಂಬೈ ಕಡೆಯ ಮಾಟುಂಗ, ಡೊಂಬಿವಲಿಯ ಸಲೂನುಗಳಲ್ಲಿ ಕಾಣುವ, ಅರ್ಧ ಬ್ಲೇಡು ಸಿಕ್ಕಿಸುವ ಉಸ್ತರಾಕ್ಕೆ ಈ ಕಲ್ಲಿನ ಕೆಲಸವಿಲ್ಲ. ಇದು ಸಾಣೆ ಹಿಡಿಯುವ ಅಸಲಿ ಕತ್ತಿಗೆ.

ಕಲ್ಲಿಗೆ ಎರಡು ಬದಿ: 1000 ಒರಟು, 6000 ನುಣುಪು; ಅಂಕಿ ಹೆಚ್ಚಿದಷ್ಟೂ ಕಣ ಸಣ್ಣ. 1000ರ ಬದಿ ಕತ್ತಿಯ ಬಾಯಿ ಪೂರ್ತಿ ಹೋದಾಗ ಮಾತ್ರ. ಅದಕ್ಕೆ ಹತ್ತು ನಿಮಿಷ ನೀರು ಕುಡಿಸಬೇಕು. 6000ರ ಬದಿಗೆ ಚಿಮುಕಿಸಿದರೆ ಸಾಕು. ಕಲ್ಲು ಮೆದು, ಬೇಗ ಹಳ್ಳ ಬೀಳುತ್ತದೆ. ಪೆನ್ಸಿಲಿನಲ್ಲಿ ಚೌಕುಳಿ ಗೀಚಿ, ದಪ್ಪ ಗಾಜಿನ ಮೇಲಿಟ್ಟ 220ರ ವಾಟರ್ ಪೇಪರಿಗೆ (ನೀರು ಹಾಕಿ ಬಳಸುವ ಉಜ್ಜುಕಾಗದ) ಉಜ್ಜಿ. ಗೆರೆ ಉಳಿದಲ್ಲೇ ಹಳ್ಳ. ಅದೂ ಅಳಿಯುವವರೆಗೆ ಬಿಡಬೇಡಿ.

ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಲಿ. ಬಾಯಿ ಮುಂದಾಗಿ ತಳ್ಳಿ, ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ. ಅಡುಗೆಮನೆಯ ಚಾಕುವಿನಂತೆ ಒತ್ತಿದರೆ ತೆಳು ಅಲಗು ಬಾಗುತ್ತದೆ, ಅಂಚು ಒಂದೇ ಸಮ ಬರುವುದಿಲ್ಲ.

ಕೊರತೆ ಇಷ್ಟೇ: 6000ಕ್ಕೇ ನಿಲ್ಲಿಸಿದರೆ ಗಲ್ಲ ಉರಿಯುತ್ತದೆ. ಹಸಿರು ಕ್ರೋಮಿಯಂ ಆಕ್ಸೈಡ್ (ಅಂಚು ನಯಗೊಳಿಸುವ ಪುಡಿ) ಸವರಿದ ಚರ್ಮದ ಪಟ್ಟಿಯಲ್ಲಿ ಹತ್ತು ಸಲ, ಬರೀ ಚರ್ಮದಲ್ಲಿ ಐವತ್ತು ಸಲ ಎಳೆಯಿರಿ. ಇಲ್ಲಿ ಬೆನ್ನು ಮುಂದೆ; ಮರೆತರೆ ಪಟ್ಟಿಯೇ ಸೀಳುತ್ತದೆ.

ಮುಂಬೈ ಮಳೆಗಾಲದಲ್ಲಿ ಕಾರ್ಬನ್ ಉಕ್ಕು ಬಚ್ಚಲುಮನೆಯಲ್ಲಿದ್ದರೆ ತುಕ್ಕು ಗ್ಯಾರಂಟಿ. ಒರೆಸಿ, ಹೊಲಿಗೆಯಂತ್ರದ ಎಣ್ಣೆ ಒಂದು ಹನಿ ಸವರಿ, ಕಪಾಟಿನಲ್ಲಿಡಿ.