ಐದು ದಿನ, ಎರಡು ಚೀಲ: ಕಾರವಾರದಿಂದ ಕುಮಟಾದವರೆಗೆ

ಹೊರಡುವ ಹಿಂದಿನ ರಾತ್ರಿ ಅಡಿಕೆ ತೂಗುವ ತಕ್ಕಡಿಯಲ್ಲಿ ಎರಡೂ ಚೀಲಗಳನ್ನು ಇಟ್ಟು ನೋಡಿದೆವು. ತಮ್ಮನದು ಹನ್ನೊಂದೂವರೆ ಕೆ.ಜಿ., ನನ್ನದು ಆರು ಕೆ.ಜಿ.ಗೆ ತುಸು ಹೆಚ್ಚು. ಅವನದು 55 ಲೀಟರಿನ ಚಾರಣದ ಚೀಲ. ಸೊಂಟಕ್ಕೆ ಅಗಲವಾದ ಪಟ್ಟಿ, ಬೆನ್ನಿಗೆ ಲೋಹದ ಕಡ್ಡಿ ಎಲ್ಲ ಇದೆ. ನನ್ನದು ಶಾಲೆಗೆ ಒಯ್ಯುವ 30 ಲೀಟರಿನ ಸಾದಾ ಚೀಲ. ಯಾವುದು ಸರಿ ಎಂಬ ವಾದ ಊಟಕ್ಕೆ ಕೂತಾಗಲೇ ಶುರುವಾಗಿತ್ತು. ಆಯಿ ಅದನ್ನು ಮುಗಿಸಿದಳು: "ದಿನ ಬಿಟ್ಟು ದಿನ ಬದಲಿಸಿಕೊಳ್ಳಿ. ಬೆನ್ನೇ ಹೇಳುತ್ತದೆ."

ಹಾಗೇ ಮಾಡಿದೆವು. ಏಪ್ರಿಲ್ ರಜೆಯ ಐದು ದಿನ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕಾರವಾರ, ಅಲ್ಲಿಂದ ಗೋಕರ್ಣ, ತದಡಿಯಲ್ಲಿ ಹೊಳೆ ದಾಟಿ ಅಘನಾಶಿನಿ, ಕುಮಟಾ, ಮತ್ತೆ ಮನೆ. ತಮ್ಮ ಮೈಸೂರಿನಲ್ಲಿ ಕೆಲಸದಲ್ಲಿದ್ದಾನೆ. ದೂರದ ಬೆಟ್ಟಗಳಿಗೆ ಚಾರಣ ಹೋದ ಅಭ್ಯಾಸ ಅವನದು. ಅದರಂತೆಯೇ ತುಂಬಿಕೊಂಡು ಬಂದಿದ್ದ. ವಿದ್ಯುತ್ ಕೆಟಲ್, ನೂಡಲ್ಸ್ ಮತ್ತು ಸೂಪಿನ ಪೊಟ್ಟಣಗಳು, ದಪ್ಪ ಟವೆಲ್, 20,000 ಎಂಎಎಚ್‌ನ ಪವರ್ ಬ್ಯಾಂಕ್, ತಲೆಗೆ ಕಟ್ಟುವ ದೀಪ, ಇಬ್ಬರು ಮಲಗುವ ಡೇರೆ. ನನ್ನ ಚೀಲದಲ್ಲಿ ಮೂರು ಜೊತೆ ಬಟ್ಟೆ, ಎರಡು ಪಾಣಿಪಂಚೆ, 10,000 ಎಂಎಎಚ್‌ನ ಪವರ್ ಬ್ಯಾಂಕ್, ಆಯಿ ಹುರಿದು ಒಗ್ಗರಣೆ ಹಾಕಿ ಕೊಟ್ಟ ಎರಡು ಡಬ್ಬಿ ಅವಲಕ್ಕಿ, ಮಡಚಿಟ್ಟ ಖಾಲಿ ಬಟ್ಟೆ ಚೀಲ ಒಂದು.

ಬರುವಾಗ ಏನು ತರಬೇಕು ಎಂಬುದನ್ನು ಹೋಗುವಾಗಲೇ ಲೆಕ್ಕ ಹಾಕಬೇಕು ಎನ್ನುವುದು ನನ್ನ ಪಟ್ಟು. ನಮ್ಮ ಕರಾವಳಿಯಲ್ಲಿ ಗಂಟೆ ಹೊತ್ತು ನಡೆದರೆ ಒಂದು ಚಹಾದ ಅಂಗಡಿ ಸಿಕ್ಕೇ ಸಿಗುತ್ತದೆ. ಅಂಥ ಕಡೆಗೆ ಅಡುಗೆಮನೆ ಹೊತ್ತು ಹೋಗಬೇಕಾಗಿಲ್ಲ. ಆ ಜಾಗ ತರುವ ವಸ್ತುಗಳಿಗೆ ಇರಲಿ.

ಆದರೆ ಚೀಲದ ವಿಷಯದಲ್ಲಿ ನನ್ನ ಎಣಿಕೆ ಅರ್ಧ ತಪ್ಪಾಯಿತು. ಬಸ್ಸಿನಲ್ಲಿ ಸಣ್ಣ ಚೀಲವೇ ಗೆದ್ದಿತು, ಅದರಲ್ಲಿ ಮಾತಿಲ್ಲ. ಅದು ತಲೆಯ ಮೇಲಿನ ಹಲಗೆಯಲ್ಲಿ ಕೂರುತ್ತದೆ, ಇಲ್ಲದಿದ್ದರೆ ತೊಡೆಯ ಮೇಲೆ. ದೊಡ್ಡದನ್ನು ಚಾಲಕರ ಪಕ್ಕ ಎಂಜಿನ್ ಮುಚ್ಚಳದ ಹತ್ತಿರ ಇಡಬೇಕಾಯಿತು; ಘಟ್ಟದ ತಿರುವುಗಳಲ್ಲಿ ಅದು ಉರುಳದಂತೆ ತಮ್ಮ ಕಾಲು ಕೊಟ್ಟು ಕೂತಿದ್ದ. ನಡಿಗೆ ಶುರುವಾದ ಮೇಲೆ ಲೆಕ್ಕ ಬದಲಾಯಿತು. ಎರಡನೆಯ ದಿನ ಗೋಕರ್ಣದ ಪೇಟೆಯಿಂದ ಗುಡ್ಡ ಹತ್ತಿ ಕುಡ್ಲೆ ಕಡಲತೀರಕ್ಕೆ ಇಳಿಯುವಾಗ ದೊಡ್ಡ ಚೀಲ ನನ್ನ ಬೆನ್ನಿನಲ್ಲಿತ್ತು. ಸೊಂಟದ ಪಟ್ಟಿಯನ್ನು ಎಲುಬಿನ ಮೇಲೆ ಕೂರುವಂತೆ ಬಿಗಿದಾಗ ಭಾರವೆಲ್ಲ ಕಾಲಿಗೆ ಇಳಿಯಿತು, ಹೆಗಲು ಹಗುರಾಯಿತು. ಪರೀಕ್ಷೆಗೆಂದು ಪಟ್ಟಿ ಸಡಿಲಿಸಿದೆ. ಹತ್ತು ಹೆಜ್ಜೆಯೊಳಗೆ ಕುತ್ತಿಗೆ ಹಿಡಿದುಕೊಂಡಿತು. ಮಾರನೆಯ ದಿನ ಕುಡ್ಲೆಯಿಂದ ಓಂ ಕಡಲತೀರದ ಕೋಣೆಗೆ ಹೋಗುವಾಗ ನನ್ನದೇ ಆರು ಕೆ.ಜಿ. ಚೀಲ ಹೆಗಲನ್ನು ಕೊಯ್ಯುತ್ತಿತ್ತು. ಅರ್ಧ ತೂಕಕ್ಕೆ ಹೆಚ್ಚು ನೋವು!

ಹಾಗೆಂದು ದೊಡ್ಡದೇ ಒಳ್ಳೆಯದು ಎಂದಲ್ಲ. ಗುಡ್ಡದ ಕೆಂಪು ಕಲ್ಲಿನ ಹರಳುಗಳ ಮೇಲೆ ಇಳಿಯುವಾಗ ಅದು ಹಿಂದಕ್ಕೆ ಎಳೆಯುತ್ತದೆ, ಪಾದ ಜಾರುತ್ತದೆ. ನಾಲ್ಕನೆಯ ದಿನ ಅಘನಾಶಿನಿಯಿಂದ ಬಾಡದ ಕಡೆಗೆ ನಡೆಯುವಾಗ ನನ್ನ ಸಾಮಾನನ್ನಷ್ಟೇ ಅವನ ಚೀಲಕ್ಕೆ ತುಂಬಿ ಒಂದು ಗಂಟೆ ಹೊತ್ತು ನೋಡಿದೆ. ಐದು ದಿನಗಳಲ್ಲಿ ಅತ್ಯಂತ ಹಿತವಾದ ನಡಿಗೆ ಅದು. ಬೇಕಾಗಿರುವುದು ಕಡಿಮೆ ಸಾಮಾನು ಮತ್ತು ಸೊಂಟದ ಪಟ್ಟಿ, ಎರಡೂ. 35ರಿಂದ 40 ಲೀಟರಿನ, ಪಟ್ಟಿ ಇರುವ ಚೀಲ ಕೊಳ್ಳಬೇಕೆಂದು ಇಬ್ಬರೂ ಅಲ್ಲೇ ತೀರ್ಮಾನಿಸಿದೆವು. ಡೇರೆಯ ಮಾತು ಇಷ್ಟೇ: ಕಡಲತೀರದಲ್ಲಿ ಹಾಕಬಾರದೆಂದು ಜೀವರಕ್ಷಕರು ಹೇಳಿದರು, ಅದು ಐದು ದಿನವೂ ಚೀಲದಲ್ಲೇ ಉಳಿಯಿತು.

ರೈಲೋ ಬಸ್ಸೋ ಎಂಬುದನ್ನೂ ನೋಡಿದೆವು. ಕಾರವಾರದಿಂದ ಗೋಕರ್ಣಕ್ಕೆ ರೈಲು, ಉಳಿದ ಕಡೆ ಬಸ್ಸು. ಕೊಂಕಣ ರೈಲಿನ ಕಿಟಕಿಯಿಂದ ಕಾಣುವ ಹಿನ್ನೀರು, ಗದ್ದೆ, ಸುರಂಗದ ತಂಪು ನನಗೆ ತುಂಬ ಇಷ್ಟ, ಸಾದಾ ಡಬ್ಬಿಯ ಟಿಕೆಟ್ಟೂ ಅಗ್ಗ. ಆದರೆ ಕಾರವಾರದ ನಿಲ್ದಾಣ ಇರುವುದು ಪೇಟೆಯಿಂದ ದೂರದ ಶಿರವಾಡದಲ್ಲಿ, ಗೋಕರ್ಣ ರೋಡ್ ನಿಲ್ದಾಣ ಇರುವುದು ಮಾದನಗೇರಿಯ ಬಳಿ, ಊರಿನಿಂದ ಸುಮಾರು ಒಂಬತ್ತು ಕಿ.ಮೀ. ಆಚೆ. ಎರಡೂ ತುದಿಯಲ್ಲಿ ಆಟೋಗೆ ಕೊಟ್ಟ ಹಣ ಇಬ್ಬರ ರೈಲು ಟಿಕೆಟ್ಟಿನ ಹಲವು ಪಟ್ಟಾಯಿತು. ಬಸ್ಸು ಗೋಕರ್ಣದ ಪೇಟೆಯೊಳಕ್ಕೇ ಹೋಗುತ್ತದೆ. ಅದರ ಮೇಲೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ನನಗೆ ಶೂನ್ಯ ದರದ ಟಿಕೆಟ್. ಗುರುತಿನ ಚೀಟಿ ಕೈಗೆ ಸಿಗುವಂತೆ ಹೊರ ಜೇಬಿನಲ್ಲಿ ಇಟ್ಟುಕೊಂಡರೆ ಸಾಕು. ಕಡಿಮೆ ದುಡ್ಡಿನಲ್ಲಿ ತಿರುಗುವ ಹೆಣ್ಣುಮಕ್ಕಳಿಗೆ ಬಸ್ಸೇ ಸರಿ. ಹಣದ ಮಾತಿಗಿಂತ, ಯಾರನ್ನೂ ಕೇಳದೆ ಹೊರಡಬಹುದೆಂಬುದು ನನಗೆ ದೊಡ್ಡದು. ಕುಮಟಾಕ್ಕೆ ಮಾತ್ರ ರೈಲಾದರೂ ಆದೀತು, ಅಲ್ಲಿ ನಿಲ್ದಾಣ ಪೇಟೆಗೆ ಹತ್ತಿರ.

ಊಟದ ಹೋಲಿಕೆ ಕಾರವಾರದ ಮೊದಲ ರಾತ್ರಿಯೇ ಶುರುವಾಯಿತು. ಟ್ಯಾಗೋರ್ ಕಡಲತೀರದಲ್ಲಿ ಕತ್ತಲಾಗುವವರೆಗೆ ಕೂತು ಕೋಣೆಗೆ ಬಂದೆವು. ತಮ್ಮ ಕೆಟಲ್ ಹಚ್ಚಿ ನೂಡಲ್ಸ್ ಮಾಡಿದ. ಬಿಸಿಯಾಗಿತ್ತು, ಹೊಟ್ಟೆ ತುಂಬಿತು, ಅಷ್ಟೇ. ಅಂಥ ರುಚಿಯನ್ನು ಮೈಸೂರಿನ ಕೋಣೆಯಲ್ಲೂ ತಿನ್ನಬಹುದು. ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರದ ಸಣ್ಣ ಕ್ಯಾಂಟೀನಿಗೆ ಹೋದೆವು. ಎಣ್ಣೆಯಿಂದ ಆಗಷ್ಟೇ ಎದ್ದ ಬನ್ಸ್ ಉಬ್ಬಿ ಚೆಂಡಾಗಿತ್ತು. ಬೆರಳಿನಿಂದ ಒತ್ತಿದರೆ ಉಸ್ಸೆಂದು ಹಬೆ ಬಿಟ್ಟು ಕೂತಿತು. ಒಳಗೆ ಕಳಿತ ಬಾಳೆಹಣ್ಣಿನ ಕಂದು ಎಳೆಗಳು, ಜೀರಿಗೆಯ ವಾಸನೆ. ಪಕ್ಕದಲ್ಲಿ ಬಟಾಣಿಯ ಖಾರದ ಭಾಜಿ. ತಮ್ಮ ಎರಡನೆಯ ತಟ್ಟೆ ಹೇಳಿದ. ಅಲ್ಲಿಂದ ಮುಂದೆ ನೂಡಲ್ಸಿನ ಪೊಟ್ಟಣ ಹೊರಗೆ ಬರಲಿಲ್ಲ. ಮಧ್ಯಾಹ್ನ ಖಾನಾವಳಿಯ ಊಟ, ಸಾರಿನ ಬದಲು ಮುರುಗಲಿನ (ಕೋಕಂ) ಕಡಿ. ಬಿಸಿಲಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಕೆಟಲ್ಲಿಗೆ ಸಲ್ಲಬೇಕಾದ ಮಾತನ್ನೂ ಹೇಳಬೇಕು. ರಾತ್ರಿ ಕಷಾಯಕ್ಕೆ, ಬಾಟಲಿಗೆ ಕುದಿಸಿ ಆರಿಸಿದ ನೀರು ತುಂಬಲು ಅದು ಉಪಯೋಗಕ್ಕೆ ಬಂತು. ಗೋಕರ್ಣದಲ್ಲಿ ಸಂಜೆ ವಿದ್ಯುತ್ ಹೋದಾಗ ತಮ್ಮ, "ಅಕ್ಕಾ, ಪವರ್ ಬ್ಯಾಂಕಿನಿಂದ ನಡೆಯುವ ಕೆಟಲ್ ಇದ್ದಿದ್ದರೆ?" ಎಂದ. ಕಾಗದದ ಮೇಲೆ ಲೆಕ್ಕ ಹಾಕಿದೆವು. ಅರ್ಧ ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಸುಮಾರು 41 ವ್ಯಾಟ್ ಗಂಟೆ ಶಕ್ತಿ ಬೇಕು. 20,000 ಎಂಎಎಚ್ ಎಂದು ಬರೆದಿರುವ ಪವರ್ ಬ್ಯಾಂಕಿನ ಒಟ್ಟು ಸಂಗ್ರಹವೇ 74 ವ್ಯಾಟ್ ಗಂಟೆ. ಎರಡು ಸಲ ನೀರು ಕುದಿಸಲೂ ಸಾಲದು.

ಕಟ್ಟಿಕೊಂಡು ಹೋದ ಬುತ್ತಿ ಗೆದ್ದದ್ದು ಒಂದೇ ಕಡೆ, ಓಂನಿಂದ ಹಾಫ್ ಮೂನ್ ಕಡೆಗೆ ಹೋಗುವ ಕಾಲುದಾರಿಯಲ್ಲಿ. ಅಲ್ಲಿನ ತಿಂಡಿಯ ದರ ಪ್ರವಾಸಿಗರ ದರ. ಬಂಡೆಯ ನೆರಳಿನಲ್ಲಿ ಕೂತು, ಎಳನೀರು ಕುಡಿದು, ಅದರ ತೆಳ್ಳನೆಯ ಗಂಜಿಯನ್ನು ಆಯಿಯ ಅವಲಕ್ಕಿಗೆ ಬೆರೆಸಿಕೊಂಡು ತಿಂದೆವು. ಮೂರು ದಿನವಾದರೂ ಅವಲಕ್ಕಿ ಗರಿಗರಿಯಾಗಿಯೇ ಇತ್ತು. ಉಕ್ಕಿನ ಡಬ್ಬಿಯ ಬಿಗಿ ಮುಚ್ಚಳದ ಗುಣ ಅದು. ತಮ್ಮ ತಂದ ಬಿಸ್ಕತ್ತಿನ ಪೊಟ್ಟಣ ಒಡೆದ ಮರುದಿನವೇ ಮೆತ್ತಗಾಗಿತ್ತು.

ಪವರ್ ಬ್ಯಾಂಕುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 10,000 ಎಂಎಎಚ್ ಎಂದು ಬರೆದಿದ್ದರೆ 5,000 ಎಂಎಎಚ್ ಬ್ಯಾಟರಿಯ ಮೊಬೈಲ್ ಎರಡು ಸಲ ತುಂಬುತ್ತದೆ ಎಂದು ನಾನು ತಿಳಿದಿದ್ದೆ. ತುಂಬಿದ್ದು ಒಂದು ಸಲ, ಮೇಲೆ ಇನ್ನಷ್ಟು. ಆ ಅಂಕಿ ಒಳಗಿನ ಕೋಶದ 3.7 ವೋಲ್ಟಿಗೆ ಸಂಬಂಧಿಸಿದ್ದು; 5 ವೋಲ್ಟಿಗೆ ಏರಿಸಿ ಹೊರಗೆ ಕೊಡುವಾಗ ಆರು ಸಾವಿರದ ಆಸುಪಾಸು ಉಳಿಯುತ್ತದೆ. ಹಾಗಾದರೆ ತಮ್ಮನ ದೊಡ್ಡದೇ ಲೇಸಲ್ಲವೇ ಎನಿಸಿತು. ಆದರೆ ಸಾದಾ ಚಾರ್ಜರಿನಲ್ಲಿ ಅದು ತುಂಬಲು ಇಡೀ ರಾತ್ರಿ ಬೇಕು. ವಿದ್ಯುತ್ ಹೋಗಿ ಬಂದ ಗೋಕರ್ಣದ ರಾತ್ರಿ ಅದು ಅರ್ಧಕ್ಕೇ ನಿಂತಿತು. ನನ್ನದು ಬೆಳಗಾಗುವ ಮೊದಲೇ ತುಂಬಿತ್ತು. ತೂಕದಲ್ಲಿ ಎರಡು ಸಣ್ಣವು ಒಂದು ದೊಡ್ಡದಕ್ಕೆ ಸಮ. ಇಬ್ಬರು ಹೋಗುವುದಾದರೆ ತಲೆಗೊಂದು ಸಣ್ಣದು, ಜೊತೆಗೆ ಎರಡು ತೂತಿನ ಒಂದು ಚಾರ್ಜರ್. ಅಗ್ಗದ ಕೋಣೆಗಳಲ್ಲಿ ಪ್ಲಗ್ಗು ಒಂದೇ ಇರುತ್ತದೆ.

ಇನ್ನೊಂದು ಸಂಗತಿ ಕಡಲಿನದೇ. ಓಂನಲ್ಲಿ ಅಲೆಯ ತುಂತುರು ತಾಗಿದ ಮೇಲೆ ನನ್ನ ಮೊಬೈಲ್ ಚಾರ್ಜ್ ಆಗಲು ಒಪ್ಪದೆ ತೇವದ ಎಚ್ಚರಿಕೆ ತೋರಿಸಿತು. ಒತ್ತಾಯ ಮಾಡಬಾರದು, ಉಪ್ಪುನೀರು ಇರುವಾಗ ವಿದ್ಯುತ್ ಹರಿದರೆ ಒಳಗಿನ ಲೋಹ ಬೇಗ ತುಕ್ಕು ಹಿಡಿಯುತ್ತದೆ. ಬಾಯಿ ಕೆಳಗಾಗಿ ಫ್ಯಾನಿನ ಗಾಳಿಗೆ ಇಟ್ಟೆ, ಎರಡು ಗಂಟೆಯಲ್ಲಿ ಸರಿಯಾಯಿತು. ತಲೆಯ ದೀಪ ಬೇಕೇ ಬೇಕು, ಗುಡ್ಡದ ದಾರಿಯಲ್ಲಿ ಕತ್ತಲಾದರೆ ಎರಡೂ ಕೈ ಖಾಲಿ ಇರಬೇಕು. ದಪ್ಪ ಟವೆಲ್ ಬೇಡವೇ ಬೇಡ. ಅದು ಎರಡು ದಿನವೂ ಒಣಗದೆ ವಾಸನೆ ಹಿಡಿಯಿತು, ಪಾಣಿಪಂಚೆ ಅರ್ಧ ಗಂಟೆಯಲ್ಲಿ ಒಣಗುತ್ತಿತ್ತು.

ಇನ್ನು ತಂದ ವಸ್ತುಗಳು. ತಮ್ಮನಿಗೆ ಮೈಸೂರಿನ ಗೆಳೆಯರಿಗೆ ಕೊಡಬೇಕಿತ್ತು, ನನಗೆ ನನ್ನ ತರಗತಿಯ ಮಕ್ಕಳಿಗೆ ತೋರಿಸಬೇಕಿತ್ತು. 1930ರಲ್ಲಿ ಅಂಕೋಲಾದಲ್ಲಿ ನಡೆದ ಉಪ್ಪಿನ ಸತ್ಯಾಗ್ರಹದ ಪಾಠ ಮಾಡುವಾಗಲೆಲ್ಲ ಮಕ್ಕಳ ಕಣ್ಣ ಮುಂದೆ ಪುಡಿ ಉಪ್ಪಿನ ಪೊಟ್ಟಣವೇ ಇರುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಹರಳುಪ್ಪು ಒಂದು ಕೆ.ಜಿ. ಕೊಂಡೆ. ಅಂಗಡಿಯವರು ಕಾಗದದಲ್ಲಿ ಕಟ್ಟಿಕೊಟ್ಟರು. ಮರುದಿನ ಕಾಗದ ಒದ್ದೆಯಾಗಿ ನನ್ನ ಬಟ್ಟೆಯನ್ನೂ ತೋಯಿಸಿತ್ತು. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಲವಣಗಳು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಖಾಲಿಯಾದ ಅವಲಕ್ಕಿ ಡಬ್ಬಿಗೆ ಸುರಿದ ಮೇಲೆ ತೊಂದರೆ ಇರಲಿಲ್ಲ.

ಕಡಲತೀರದ ಶಂಖ, ಚಿಪ್ಪು ತರಬೇಡಿ ಎಂದು ನಾನು ತಮ್ಮನಿಗೂ ಹೇಳಿದೆ, ಓದುವವರಿಗೂ ಕೈಮುಗಿದು ಹೇಳುತ್ತೇನೆ. ಖಾಲಿ ಶಂಖವೆಂದು ಅವನು ಎತ್ತಿದ ಒಂದು ಅಂಗೈಯಲ್ಲಿ ಕಾಲು ಚಾಚಿತು. ಸನ್ಯಾಸಿ ಏಡಿಗೆ ಅದೇ ಮನೆ. ಶಿರಸಿಯ ಗುಡಿಗಾರರ ಮರದ ಕೆತ್ತನೆಯನ್ನೂ ನೋಡಿದೆವು, ಕೊಳ್ಳಲಿಲ್ಲ. ಅದರ ಬೆಲೆ ಅದರ ಕೆಲಸಕ್ಕೆ ತಕ್ಕದ್ದು. ಚೌಕಾಸಿ ಮಾಡಿ ಇಳಿಸುವುದಕ್ಕಿಂತ ದುಡ್ಡು ಕೂಡಿಸಿಕೊಂಡು ಹೋಗುವುದು ಮರ್ಯಾದೆ. ಅಂಕೋಲಾದ ಕರಿ ಈಶಾಡು ಮಾವು ಇನ್ನೂ ಕಾಯಿ.

ಅಳ್ವೆಕೋಡಿಯ ಹೆದ್ದಾರಿ ಬದಿಯಲ್ಲಿ ಕುಮಟಾದ ಸಿಹಿ ಈರುಳ್ಳಿಯ ಗೊಂಚಲುಗಳು ತೂಗುತ್ತಿದ್ದವು. ಒಣಗಿದ ಎಲೆಗಳನ್ನು ಜಡೆಯಂತೆ ಹೆಣೆದು, ಮೇಲೆ ಸಣ್ಣವು, ಕೆಳಗೆ ದಪ್ಪವು. ಮಾರುತ್ತಿದ್ದ ಹೆಂಗಸು ನಾನು ಶಾಲೆಯ ಕೆಲಸದವಳೆಂದು ತಿಳಿದ ಕೂಡಲೇ, "ಅಕ್ಕೋರೇ, ನೆಲದ ಮೇಲೆ ಇಡಬೇಡಿ, ತೂಗುಹಾಕಿ. ಮಳೆಗಾಲಕ್ಕೂ ಬರುತ್ತದೆ" ಎಂದರು. ಒಂದನ್ನು ಸುಲಿದು ಹಸಿಯಾಗಿಯೇ ಕೊಟ್ಟರು. ಕಣ್ಣು ಉರಿಯಲಿಲ್ಲ, ನಾಲಿಗೆಗೆ ಸಿಹಿ ತಾಗಿತು. ಮೂರು ಗೊಂಚಲು ಕೊಂಡೆವು. ಅವು ನನ್ನ ಬಟ್ಟೆ ಚೀಲಕ್ಕೆ ಸರಿಹೋದವು. ಶಿರಸಿಗೆ ಬಂದ ಮೇಲೆ ತಮ್ಮ ತೊಡದೇವು ಒಂದು ಪೆಟ್ಟಿಗೆ, ಒಣಗಿಸಿದ ಮುರುಗಲು ಸಿಪ್ಪೆ ಅರ್ಧ ಕೆ.ಜಿ., ಆಯಿಯ ಭರಣಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದುಕೊಂಡು ಮೈಸೂರಿನ ಬಸ್ಸು ಹತ್ತಿದ.

ಎರಡು ದಿನ ಬಿಟ್ಟು ಫೋನು ಮಾಡಿದ. ತೊಡದೇವು ಪುಡಿಯಾಗಿತ್ತು. ಕಬ್ಬಿನ ಹಾಲಿಗೆ ಅಕ್ಕಿ ಹಿಟ್ಟು ಬೆರೆಸಿ, ಮಗುಚಿಟ್ಟ ಮಡಕೆಯ ಬೆನ್ನಿಗೆ ಬಟ್ಟೆಯಿಂದ ಬಳಿದು ಎಬ್ಬಿಸಿದ ಅಷ್ಟು ತೆಳುವಾದ ಪದಾರ್ಥ ಬೆನ್ನಚೀಲದ ಪ್ರಯಾಣಕ್ಕಲ್ಲ. ಅದನ್ನು ಕೈಯಲ್ಲಿ ಹಿಡಿದೇ ಒಯ್ಯಬೇಕು. ಉಪ್ಪಿನಕಾಯಿಯ ಮುಚ್ಚಳದ ಅಂಚಿನಿಂದ ಎಣ್ಣೆ ಜಿನುಗಿ ಒಂದು ಅಂಗಿ ಹಾಳಾಗಿತ್ತು, ಉಪ್ಪಿನಕಾಯಿ ಮಾತ್ರ ಮೊದಲ ದಿನವೇ ಅರ್ಧ ಖಾಲಿ. ಮುರುಗಲು ಹೋದ ಹಾಗೆಯೇ ತಲುಪಿತ್ತು. ಒಡೆಯಲಿಲ್ಲ, ಸೋರಲಿಲ್ಲ, ತೂಕವೂ ಇಲ್ಲ. ನಾಲ್ಕು ಸಿಪ್ಪೆ ನೀರಿಗೆ ಹಾಕಿದರೆ ಇಡೀ ಕೋಣೆಗೆ ಪಾನಕ. ಬೆನ್ನಚೀಲದಲ್ಲಿ ಒಯ್ಯಲು ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. "ಈರುಳ್ಳಿ ಏನಾಯಿತು?" ಎಂದು ಕೇಳಿದೆ. ಅಡುಗೆಮನೆಯ ಕಿಟಕಿಯ ಸರಳಿಗೆ ತೂಗುಹಾಕಿದ್ದಾನಂತೆ. ಬಂದ ಗೆಳೆಯರೆಲ್ಲ ಮೊದಲು ಅದನ್ನೇ ಮುಟ್ಟಿ ನೋಡುತ್ತಾರಂತೆ.