ಹಿಂಭಾಗ ಕುಸಿದ ಜೀಪು ಮತ್ತು ಶಿವಮೊಗ್ಗದ ಪಾಟದ ಅಂಗಡಿ

ನಮ್ಮ ಮನೆಯ ಮಹೀಂದ್ರ ಎಂಎಂ 540 ಜೀಪಿನ ಹಿಂಭಾಗ ಕುಸಿದಿದೆ ಎಂಬುದನ್ನು ಮೊದಲು ಕಂಡುಹಿಡಿದವರು ನಾವಲ್ಲ, ರಾತ್ರಿ ಹೊತ್ತು ಎದುರಿನಿಂದ ಬರುತ್ತಿದ್ದ ವಾಹನದವರು. ದೀಪ ಡಿಮ್ಮಿನಲ್ಲಿಯೇ ಇದ್ದರೂ ಮಂಡಗದ್ದೆಯಿಂದ ತೀರ್ಥಹಳ್ಳಿಯವರೆಗೆ ಎದುರಾದವರೆಲ್ಲ ತಮ್ಮ ದೀಪವನ್ನು ಮಿಣುಕಿಸಿ ಸಿಟ್ಟು ತೋರಿಸಿ ಹೋಗುತ್ತಿದ್ದರು. ಹಿಂಭಾಗ ಇಳಿದರೆ ಮೂತಿ ಏಳುತ್ತದೆ, ಮೂತಿ ಎದ್ದರೆ ಬೆಳಕು ರಸ್ತೆ ಬಿಟ್ಟು ಮರದ ಕೊಂಬೆಗೆ ಬೀಳುತ್ತದೆ ಎಂಬ ಸರಳ ಸಂಗತಿ ನನಗೆ ಹೊಳೆಯಲು ಒಂದು ಮಳೆಗಾಲವೇ ಬೇಕಾಯಿತು. ಆ ಹೊತ್ತಿಗೆ ತೋಟದ ದಾರಿಯ ಪ್ರತಿ ಕೊರಕಲಿನಲ್ಲೂ ಆಕ್ಸಲ್ ಮೇಲೆ ಬಂದು ಚಾಸಿಯ ಅಡಿಯ ಬಂಪ್ ರಬ್ಬರಿಗೆ ಧಡ್ ಎಂದು ಬಡಿಯುವುದು ವಾಡಿಕೆಯಾಗಿಬಿಟ್ಟಿತ್ತು.

ಇದು 1996ರ ಗಾಡಿ. ಪ್ಯೂಜೋ ಡೀಸೆಲ್ ಇಂಜಿನ್ನಿನ, ಫೋರ್ ವೀಲ್ ಡ್ರೈವ್ ಇರುವ, ಮುಂದೆಯೂ ಹಿಂದೆಯೂ ಪಾಟದ ಮೇಲೆಯೇ, ಅಂದರೆ ಬಾಗಿದ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಕಟ್ಟಿದ ಲೀಫ್ ಸ್ಪ್ರಿಂಗಿನ ಮೇಲೆಯೇ ಕೂತಿರುವ ಜೀಪು. ತಂದೆಯವರ ಕಾಲದಿಂದ ಗೊಬ್ಬರ, ದರಗು, ಅಡಿಕೆ ಕೊನೆ, ಮದುವೆಯ ಪಾತ್ರೆ, ಜ್ವರ ಬಂದವರು ಎಲ್ಲವನ್ನೂ ಹೊತ್ತಿದೆ. ಅದನ್ನು ಮಾರುವ ಪ್ರಶ್ನೆಯೇ ಇರಲಿಲ್ಲವಾದ್ದರಿಂದ ಸರಿಮಾಡಿಸುವ ಪ್ರಶ್ನೆಯೊಂದೇ ಉಳಿಯಿತು. ಆ ಕೆಲಸವನ್ನು ಕೊನೆಗೆ ಮಾಡಿಕೊಟ್ಟದ್ದು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆಯ ಒಂದು ಸಣ್ಣ ಪಾಟದ ಅಂಗಡಿ. ಬಾಗಿಲಿಗೆ ಬೋರ್ಡು ಕೂಡ ಇಲ್ಲದ ಆ ಅಂಗಡಿಯ ಕೆಲಸವನ್ನು, ಮೆಚ್ಚುವುದನ್ನು ಮೆಚ್ಚಿ ದೂರುವುದನ್ನು ದೂರಿ, ಹಳೆಯ ಜೀಪು ಇಟ್ಟುಕೊಂಡಿರುವ ಮಲೆನಾಡಿನವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿಗೆ ಹೋಗುವ ಮೊದಲು ಎರಡು ಸಲ ದುಡ್ಡು ಕಳೆದುಕೊಂಡಿದ್ದೆ. ಮೊದಲನೆಯದು ನನ್ನದೇ ದಡ್ಡತನ: ಹಿಂಭಾಗ ಇಳಿದಿದೆಯೆಂದರೆ ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ತಿಳಿದು ಹೊಸ ಜೋಡಿ ಹಾಕಿಸಿದೆ. ಜೀಪಿನಂಥ ಗಾಡಿಗಳಲ್ಲಿರುವ ಎಣ್ಣೆಯ ಶಾಕ್ ಅಬ್ಸಾರ್ಬರ್ ಗಾಡಿಯ ಭಾರವನ್ನು ಹೊರುವುದೇ ಇಲ್ಲ. ಅದು ಪಾಟದ ಕುಣಿತವನ್ನು ತಡೆಯುತ್ತದೆ, ಅಷ್ಟೆ. ಅದನ್ನು ಕಳಚಿ ಪಕ್ಕಕ್ಕಿಟ್ಟರೂ ಗಾಡಿ ನಿಂತ ಎತ್ತರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಎರಡನೆಯದು ಬೇರೊಂದು ಊರಿನ ಗ್ಯಾರೇಜಿನಲ್ಲಿ ನಡೆಯಿತು. ಅವರು ಲಾರಿಯ ಪಾಟದ ಕಟ್ಟಿನಿಂದ ತೆಗೆದ ದಪ್ಪನೆಯ ಪ್ಲೇಟೊಂದನ್ನು ಕತ್ತರಿಸಿ ಎರಡೂ ಬದಿಗೆ ತುರುಕಿದರು. ಗಾಡಿ ಎದ್ದುನಿಂತಿತು, ನಾನೂ ಹಿಗ್ಗಿದೆ. ಆದರೆ ಖಾಲಿ ಗಾಡಿಯಲ್ಲಿ ಕೂತರೆ ಎತ್ತಿನಗಾಡಿಯೇ ವಾಸಿ ಎನ್ನಿಸುವಷ್ಟು ಎತ್ತಿಹಾಕುತ್ತಿತ್ತು. ಎಂಟು ತಿಂಗಳು ಕಳೆಯುವಷ್ಟರಲ್ಲಿ, ಸೇರಿಸಿದ ದಪ್ಪ ಪ್ಲೇಟಿನ ತುದಿ ಎಲ್ಲಿ ಮುಗಿಯುತ್ತದೆಯೋ ಸರಿಯಾಗಿ ಅದರ ಮೇಲಿನ ಪ್ಲೇಟು ಎಡಬದಿಯಲ್ಲಿ ಕಟ್ ಆಯಿತು. ಗಾಡಿ ಎಡಕ್ಕೆ ವಾಲಿಕೊಂಡೇ ಶಿವಮೊಗ್ಗ ತಲುಪಿತು.

ಪಾಟದ ಅಂಗಡಿಯ ಮೇಸ್ತ್ರಿಗೆ ಅರವತ್ತು ದಾಟಿರಬಹುದು. ನಾನು ರೋಗವನ್ನೂ ಔಷಧವನ್ನೂ ಒಟ್ಟಿಗೇ ಹೇಳತೊಡಗಿದಾಗ ಅವರು ಕೈಯೆತ್ತಿ ತಡೆದು, ಗಾಡಿಯ ಹಿಂದಿದ್ದ ಹಾರೆ, ಸರಪಳಿ, ಅರ್ಧ ಮೂಟೆ ಸುಣ್ಣ ಎಲ್ಲವನ್ನೂ ಇಳಿಸಲು ಹೇಳಿದರು. ಬಳಿಕ ಸಿಮೆಂಟಿನ ಸಮನೆಲದ ಮೇಲೆ ನಿಲ್ಲಿಸಿ, ನಾಲ್ಕೂ ಟೈರಿನ ಗಾಳಿ ಸಮ ಮಾಡಿ, ಟೇಪು ಹಿಡಿದರು. ಅವರು ಅಳೆದದ್ದು ನೆಲದಿಂದ ಅಲ್ಲ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ. ನೆಲದಿಂದ ಅಳೆದರೆ ಟೈರಿನ ಸವೆತವೂ ಗಾಳಿಯೂ ಲೆಕ್ಕದೊಳಗೆ ಬಂದು ಕೂರುತ್ತವೆ. ಬಲಬದಿಯಲ್ಲಿ 41 ಸೆಂಟಿಮೀಟರ್, ಎಡಬದಿಯಲ್ಲಿ 38 ಬಂತು. ಆಕ್ಸಲ್‌ಗೂ ಬಂಪ್ ರಬ್ಬರಿಗೂ ನಡುವೆ ಎಡಗಡೆ ಎರಡು ಬೆರಳು ಮಾತ್ರ ತೂರುತ್ತಿತ್ತು. ನನ್ನ ಅನುಭವದಲ್ಲಿ ಗಾಡಿಗೆ ಸ್ಪ್ಯಾನರ್ ಹಾಕುವ ಮೊದಲು ಅಳತೆ ಬರೆದಿಟ್ಟುಕೊಂಡ ಮೊದಲ ಮೇಸ್ತ್ರಿ ಇವರು. ಬರೆದದ್ದು ಗೋಡೆಯ ಮೇಲೆ, ಸೀಮೆಸುಣ್ಣದಲ್ಲಿ ಎಂಬುದು ಬೇರೆ ಮಾತು.

ಕಟ್ಟು ಬಿಚ್ಚಿದಾಗ ಕಂಡದ್ದು ನಾನು ಎಣಿಸಿದ್ದಕ್ಕಿಂತ ಹೆಚ್ಚು. ಕಟ್ ಆದ ಪ್ಲೇಟು ಸರಿಯೇ, ಅದರ ಕೆಳಗಿನದರಲ್ಲೂ, ಪ್ಲೇಟುಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನಿಂದ ಹೊರಟ ಸೀಳೊಂದು ತುಕ್ಕಿನಡಿ ಅಡಗಿತ್ತು. ಪ್ಲೇಟುಗಳನ್ನು ಒಟ್ಟಿಗೆ ಹಿಡಿದಿಡುವ ಕ್ಲಿಪ್ಪುಗಳಲ್ಲಿ ಎರಡು ಎಲ್ಲಿಯೋ ಉದುರಿಹೋಗಿದ್ದವು. ಕ್ಲಿಪ್ಪು ಇಲ್ಲದಿದ್ದರೆ ಚಕ್ರ ಕೆಳಗೆ ಜೋತಾಗ ಪ್ಲೇಟುಗಳು ಬಿರಿದುಕೊಂಡು ಇಡೀ ಹೊರೆ ಎಲ್ಲಕ್ಕೂ ಮೇಲಿನ ಮೇನ್ ಪ್ಲೇಟಿನ ಮೇಲೆ ಬೀಳುತ್ತದೆ. ಪ್ರತಿ ಪ್ಲೇಟಿನ ತುದಿಯೂ ತನ್ನ ಮೇಲಿನದನ್ನು ಉಜ್ಜಿ ಉಜ್ಜಿ ಅಲ್ಲಲ್ಲಿ ಗುಳಿ ಮಾಡಿತ್ತು. ನಮ್ಮ ಕಡೆಯ ಮಳೆ, ಕೆಂಪು ಮಣ್ಣಿನ ರಾಡಿ, ಅದರ ಮೇಲೆ ಗೊಬ್ಬರದ ಉಪ್ಪು ಇವೆಲ್ಲ ಸೇರಿ ಪ್ಲೇಟುಗಳ ನಡುವೆ ಕೂತರೆ ಬಯಲುಸೀಮೆಯ ಜೀಪಿಗೆ ಇಲ್ಲದ ರೋಗ ನಮ್ಮ ಜೀಪಿಗೆ ಬರುವುದು ಸಹಜವೇ.

ಇಲ್ಲಿಂದ ಮುಂದಿನ ಮಾತುಕತೆಗಾಗಿಯೇ ನಾನು ಈ ಅಂಗಡಿಯನ್ನು ಮೆಚ್ಚುತ್ತೇನೆ. ನಾನು ಕೇಳಿದ್ದು ಹೊಸ ಕಟ್ಟು, ಜೊತೆಗೆ ಮೇಲೊಂದು ಹೆಚ್ಚಿನ ಪ್ಲೇಟು. ಮೇಸ್ತ್ರಿ ಒಪ್ಪಲಿಲ್ಲ. "ಗೌಡ್ರೇ, ನಿಮ್ಮ ಪಾಟ ಸೋತಿಲ್ಲ, ಬೆಂಡು ಕಳ್ಕೊಂಡಿದೆ. ಬೆಂಡು ಕಳ್ಕೊಂಡದ್ದಕ್ಕೆ ಬೆಂಡು ಕೊಡಬೇಕು, ಬಲ ಕೊಟ್ರೆ ಏನು ಬಂತು?" ಎಂದರು. ಬೆಂಡು ಎಂದರೆ ಪ್ಲೇಟಿನ ಬಾಗು, ಕಮಾನು. ಕೇಳುವಾಗ ಒಗಟಿನಂತಿತ್ತಾದರೂ ಮನೆಗೆ ಬಂದು ಲೆಕ್ಕ ಹಾಕಿದಾಗ ಅವರ ಮಾತು ಅಕ್ಷರಶಃ ಸರಿ ಎಂದು ತಿಳಿಯಿತು. ಪಾಟದ ಉಕ್ಕು ತನ್ನ ಮಿತಿ ಮೀರಿ ಮತ್ತೆ ಮತ್ತೆ ಬಾಗಿದಾಗ ಪೂರ್ತಿ ಹಿಂದಿರುಗದೆ ಸ್ವಲ್ಪ ಸ್ವಲ್ಪವೇ ನೇರವಾಗಿಬಿಡುತ್ತದೆ. ಆದರೆ ಒಂದು ಕ್ವಿಂಟಲ್ ಹೇರಿದರೆ ಎಷ್ಟು ಇಳಿಯಬೇಕು ಎಂಬ ಅದರ ಗುಣ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಏಕೆಂದರೆ ಆ ಗುಣ ನಿಂತಿರುವುದು ಪ್ಲೇಟಿನ ಉದ್ದ, ಅಗಲ, ದಪ್ಪ ಮತ್ತು ಸಂಖ್ಯೆಯ ಮೇಲೆ, ಕಮಾನಿನ ಮೇಲೆ ಅಲ್ಲ. ಹೀಗಾಗಿ ಕುಸಿದ ಪಾಟಕ್ಕೆ ಪ್ಲೇಟು ಸೇರಿಸಿದರೆ ಎತ್ತರವೇನೋ ಬರುತ್ತದೆ, ಆದರೆ ಅದು ಗಾಡಿಯನ್ನು ಬಿರುಸು ಮಾಡಿ ಪಡೆದ ಎತ್ತರ.

ಎಷ್ಟು ಬಿರುಸು ಎಂಬುದನ್ನು ನೋಡಿದರೆ ಆ ಹಳೆಯ ಗ್ಯಾರೇಜಿನವರು ಮಾಡಿದ ಅನಾಹುತ ಅರ್ಥವಾಗುತ್ತದೆ. ಅದೇ ದಪ್ಪದ ಪ್ಲೇಟನ್ನು ಸೇರಿಸುವುದಾದರೆ, ಏಳಿದ್ದ ಕಡೆ ಎಂಟು ಮಾಡಿದಾಗ ಬಿರುಸು ಸುಮಾರು ಶೇಕಡಾ 14ರಷ್ಟು ಹೆಚ್ಚುತ್ತದೆ. ಆದರೆ ದಪ್ಪದ ಲೆಕ್ಕ ಬೇರೆ, ಅದು ಮೂರನೆಯ ಘಾತದಲ್ಲಿ ಏರುತ್ತದೆ. 6 ಮಿಲಿಮೀಟರಿನ ಪ್ಲೇಟಿಗೆ ಹೋಲಿಸಿದರೆ 7 ಮಿಲಿಮೀಟರಿನದು ಒಂದೂವರೆ ಪಟ್ಟಿಗಿಂತ ಹೆಚ್ಚು, 8 ಮಿಲಿಮೀಟರಿನದು ಎರಡು ಪಟ್ಟನ್ನೂ ಮೀರಿ ಬಿರುಸು. ಅಷ್ಟು ಬಿರುಸಾದದ್ದನ್ನು ತೆಳುವಾದವುಗಳ ನಡುವೆ ತುರುಕಿದಾಗ ಅದರ ತುದಿಯ ಬಳಿ ಮೇಲಿನ ಪ್ಲೇಟು ಒಂದೇ ಜಾಗದಲ್ಲಿ ಮಡಚಿಕೊಳ್ಳಬೇಕಾಗುತ್ತದೆ. ನಮ್ಮದು ಮುರಿದದ್ದೂ ಅಲ್ಲಿಯೇ.

ಹಳೆಯ ಪ್ಲೇಟುಗಳಿಗೇ ಬೆಂಡು ಹೊಡೆದುಕೊಡಬಹುದಿತ್ತಲ್ಲ ಎಂದೂ ಕೇಳಿದೆ. ಅರ್ಧ ಖರ್ಚಿನಲ್ಲಿ ಮುಗಿಯುವ ದಾರಿ ಅದು, ಹಲವು ಊರುಗಳಲ್ಲಿ ಅದನ್ನೇ ಮಾಡುತ್ತಾರೆ. ತಣ್ಣಗಿರುವಾಗಲೇ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಕಮಾನು ಬರಿಸುತ್ತಾರೆ. ದುಡಿದು ದಣಿದ ಉಕ್ಕಿಗೆ ಹೀಗೆ ಕೊಟ್ಟ ಬೆಂಡು ಬಹಳ ದಿನ ನಿಲ್ಲುವುದಿಲ್ಲ ಎಂಬುದು ಮೇಸ್ತ್ರಿಯ ಅಭಿಪ್ರಾಯವಾಗಿತ್ತು, ಕೇಳಿನೋಡಿದ ಇನ್ನಿಬ್ಬರು ಜೀಪಿನವರ ಅನುಭವವೂ ಅದೇ. ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವವರಿಂದ ಮಾತ್ರ ದೂರವಿರಬೇಕು. ಪಾಟಕ್ಕೆ ಬಳಸುವ ಸಿಲಿಕಾನ್ ಮ್ಯಾಂಗನೀಸ್ ಉಕ್ಕನ್ನು ಕುಲುಮೆಯಲ್ಲಿ 850 ಡಿಗ್ರಿಗೂ ಮೇಲೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಐನೂರು ಡಿಗ್ರಿಯ ಆಸುಪಾಸಿನಲ್ಲಿ ಹದ ಮಾಡಿದಾಗಲೇ ಅದಕ್ಕೆ ಪುಟಿಯುವ ಗುಣ ಬರುತ್ತದೆ. ಬೀದಿಬದಿಯಲ್ಲಿ ಕಾಯಿಸಿ ತಣಿಯಲು ಬಿಟ್ಟರೆ ಆ ಹದ ಇಳಿದುಹೋಗಿ ಪಾಟ ಬರಿಯ ಕಬ್ಬಿಣದ ಪಟ್ಟಿಯಾಗುತ್ತದೆ. ಪಾಟದ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಉದ್ದ ಮಾಡಿಸುವ ಇನ್ನೊಂದು ಅಗ್ಗದ ಉಪಾಯವನ್ನೂ ಅವರು ತಳ್ಳಿಹಾಕಿದರು. ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಒಂದೇ ಇಂಚು, ಮೇಲಾಗಿ ಆಕ್ಸಲ್ಲೇ ತುಸು ತಿರುಗಿ, ಇಂಜಿನ್ನಿನ ತಿರುಗುವಿಕೆಯನ್ನು ಅದಕ್ಕೆ ಮುಟ್ಟಿಸುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು ನಡುಕ ಶುರುವಾಗುತ್ತದೆ.

ಕೊನೆಗೆ ಎರಡೂ ಬದಿಗೆ ಹೊಸ ಪ್ಲೇಟುಗಳ ಕಟ್ಟು, ಮೊದಲಿದ್ದಷ್ಟೇ ಸಂಖ್ಯೆ, ಮೊದಲಿದ್ದಷ್ಟೇ ದಪ್ಪ ಎಂದು ತೀರ್ಮಾನವಾಯಿತು. ಒಂದೇ ಬದಿ ಮುರಿದಿದ್ದರೂ ಎರಡನ್ನೂ ಬದಲಿಸಬೇಕೆಂದು ಅವರು ಹೇಳಿದ್ದು ವ್ಯಾಪಾರದ ಮಾತಲ್ಲ. ಹೊಸ ಕಮಾನು ಒಂದು ಕಡೆ, ಕುಸಿದ ಕಮಾನು ಇನ್ನೊಂದು ಕಡೆ ಇದ್ದರೆ ಗಾಡಿ ವಾಲದೆ ಇನ್ನೇನು ಮಾಡೀತು? ಜೋಡಿಸುವಾಗ ಪ್ರತಿ ಪ್ಲೇಟಿನ ನಡುವೆ ಗ್ರಾಫೈಟ್ ಗ್ರೀಸ್ ಸವರಿದರು. ಶ್ಯಾಕಲ್ಲಿನ ಬೋಲ್ಟುಗಳನ್ನು ಜ್ಯಾಕಿನ ಮೇಲಿರುವಾಗ ಸುಮ್ಮನೆ ಹಾಕಿ, ಗಾಡಿ ನೆಲಕ್ಕಿಳಿದು ತನ್ನ ಭಾರದಲ್ಲಿ ಕೂತ ಮೇಲೆ ಬಿಗಿದರು. ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದುಬಿಟ್ಟರೆ ಬೋಲ್ಟಿನ ಸುತ್ತ ಕೂರುವ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇಂಥ ಸಣ್ಣ ಎಚ್ಚರ ಎಲ್ಲ ಕಡೆ ಸಿಗುವುದಿಲ್ಲ.

ಇನ್ನು ದೂರು. ಒಂದು ದಿನದ ಕೆಲಸವೆಂದು ಹೇಳಿದ್ದು ಮೂರು ದಿನವಾಯಿತು, ನಾನು ಎರಡು ಸಲ ಬಸ್ಸಿನಲ್ಲಿ ಓಡಾಡಿದೆ. ಫೋನು ಎತ್ತುವ ಅಭ್ಯಾಸ ಆ ಅಂಗಡಿಯಲ್ಲಿ ಯಾರಿಗೂ ಇದ್ದಂತಿಲ್ಲ. ಅದಕ್ಕಿಂತ ಗಂಭೀರವಾದದ್ದು ಯು ಬೋಲ್ಟಿನ ವಿಷಯ. ಇಷ್ಟೆಲ್ಲ ತಿಳಿವಳಿಕೆಯ ಮೇಸ್ತ್ರಿ ಊಟಕ್ಕೆ ಹೋದ ಹೊತ್ತಿನಲ್ಲಿ ಕೆಲಸದ ಹುಡುಗ ಹಳೆಯ ಯು ಬೋಲ್ಟುಗಳನ್ನೇ ಬ್ರಷ್ಷಿನಲ್ಲಿ ಉಜ್ಜಿ ಹಾಕಲು ಹೊರಟಿದ್ದ. ಒಮ್ಮೆ ಪೂರ್ತಿ ಬಿಗಿದು ಎಳೆದುಕೊಂಡ ಯು ಬೋಲ್ಟನ್ನು ಮತ್ತೆ ನಂಬಬಾರದು. ಆಕ್ಸಲನ್ನು ಪಾಟಕ್ಕೆ ಕಟ್ಟಿಹಾಕಿರುವುದೇ ಅದು. ನಾನು ಅಲ್ಲೇ ನಿಂತಿದ್ದರಿಂದ ಹೊಸವು ಬಂದವು. ನಿಲ್ಲದೆ ಹೋಗಿದ್ದರೆ ಬರುತ್ತಿದ್ದವೇ ಎಂಬುದನ್ನು ಖಚಿತವಾಗಿ ಹೇಳಲಾರೆ. ಬುಷ್ಷಿನ ರಬ್ಬರು ಕೂಡ ಸಾಧಾರಣ ದರ್ಜೆಯದು, ಎರಡನೆಯ ವಾರಕ್ಕೇ ಕಿರುಗುಟ್ಟಲು ತೊಡಗಿತು. ಬಿಲ್ಲು ಕೇಳಿದ್ದಕ್ಕೆ ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಬರೆದುಕೊಟ್ಟರು: ಎರಡೂ ಕಟ್ಟಿಗೆ 11,800, ಯು ಬೋಲ್ಟು, ಸೆಂಟರ್ ಬೋಲ್ಟು, ಬುಷ್ ಸೇರಿ 2,350, ಕೂಲಿ 2,500, ಒಟ್ಟು 16,650 ರೂಪಾಯಿ. ಗ್ಯಾರಂಟಿ ಬಾಯಿಮಾತಿನದು.

ಗಾಡಿ ಬಿಡಿಸಿಕೊಂಡ ದಿನ ಎರಡೂ ಬದಿಯ ಅಳತೆ 45 ಸೆಂಟಿಮೀಟರ್ ಇತ್ತು. ಗಾಜನೂರು ದಾಟುವಷ್ಟರಲ್ಲಿಯೇ ವ್ಯತ್ಯಾಸ ತಿಳಿಯಿತು. ಹಂಪಿನ ಮೇಲೆ ಹಿಂಭಾಗ ಒಂದು ಸಲ ಇಳಿದು ಒಂದು ಸಲ ಎದ್ದು ಸುಮ್ಮನಾಗುತ್ತಿತ್ತು, ಹಿಂದಿನಂತೆ ಎತ್ತಿಹಾಕುತ್ತಿರಲಿಲ್ಲ. ಹೊಸ ಪಾಟ ಮೊದಲ ಕೆಲವು ವಾರಗಳಲ್ಲಿ ತುಸು ಕೂರುವುದು ಸ್ವಾಭಾವಿಕ. ಮೂರು ತಿಂಗಳ ಬಳಿಕ ನಮ್ಮದು 44ಕ್ಕೆ ಬಂದು ಅಲ್ಲಿಯೇ ನಿಂತಿದೆ. ಕೊಯ್ಲಿನ ಕಾಲದಲ್ಲಿ ಸುಮಾರು ನಾಲ್ಕು ಕ್ವಿಂಟಲ್ ಹೇರಿಕೊಂಡು ತೋಟದ ಏರನ್ನು ಲೋ ಗೇರಿನಲ್ಲಿ ಹತ್ತಿಸಿದೆ, ಹುಲಿಕಲ್ ಘಾಟಿಯನ್ನೂ ಇಳಿಸಿ ಹತ್ತಿಸಿದೆ. ಬಂಪ್ ರಬ್ಬರಿನ ಸದ್ದು ಕೇಳಿದ್ದು ಒಂದೇ ಸಲ, ಅದೂ ನನ್ನ ಅವಸರದಿಂದ. ದೀಪದ ಬೆಳಕು ರಸ್ತೆಗೆ ಮರಳಿದೆ. ಇಂಥ ಕೆಲಸವಾದ ಮೇಲೆ ದೀಪದ ಕೋನವನ್ನು ಮತ್ತೊಮ್ಮೆ ಹೊಂದಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕುಸಿದ ಗಾಡಿಗೆ ತಕ್ಕಂತೆ ಯಾರಾದರೂ ಅದನ್ನು ಹಿಂದೆ ಬಗ್ಗಿಸಿಟ್ಟಿದ್ದರೆ ಈಗ ಬೆಳಕು ಬಾನೆಟ್ಟಿನ ಮುಂದೆಯೇ ಬಿದ್ದುಬಿಡುತ್ತದೆ.

ಐನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೆ ಬಿಗಿಸಬೇಕೆಂದು ಮೇಸ್ತ್ರಿ ಹೇಳಿದ್ದರು. ಹೋದಾಗ ನಾಲ್ಕರಲ್ಲಿ ಮೂರರ ನಟ್ಟು ಕಾಲು ಸುತ್ತಿನಷ್ಟು ತಿರುಗಿದವು, ಅಂದರೆ ಆ ಮಾತನ್ನು ಮರೆತವರ ಸೆಂಟರ್ ಬೋಲ್ಟು ಏಕೆ ತುಂಡಾಗುತ್ತದೆ ಎಂಬುದಕ್ಕೆ ಅಲ್ಲೇ ಉತ್ತರವಿತ್ತು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಕಿರುಗುಟ್ಟುವ ಬುಷ್ಷನ್ನು ಮಾತ್ರ ನಾನು ಬೇರೆ ಕಡೆಯಿಂದ ತಂದುಕೊಟ್ಟು ಹಾಕಿಸಿದೆ. ಗೋಡೆಯ ಮೇಲೆ ನಮ್ಮ ಗಾಡಿಯ 41 ಮತ್ತು 38 ಇನ್ನೂ ಅಳಿಸಿರಲಿಲ್ಲ. ಪಕ್ಕದಲ್ಲಿ ಯಾರದೋ ಜಿಪ್ಸಿಯ ಅಳತೆ ಸೇರಿಕೊಂಡಿತ್ತು. ನಮ್ಮ ಮುಂದಿನ ಪಾಟಗಳನ್ನೂ ಒಮ್ಮೆ ಬಗ್ಗಿ ನೋಡಿದ ಮೇಸ್ತ್ರಿ, ಈ ಮಳೆಗಾಲ ಕಳೆಯಲಿ, ದೀಪಾವಳಿ ಹೊತ್ತಿಗೆ ತನ್ನಿ ಎಂದು ಹೇಳಿ ಕಳಿಸಿದ್ದಾರೆ.