ಸೆಮಿನಾರಿಗೆ ಡಾರ್ಕ್ ಮ್ಯಾಟರೋ, ಡಾರ್ಕ್ ಎನರ್ಜಿಯೋ?

ಎಂಎಸ್ಸಿ ಸೆಮಿನಾರಿಗೆ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವವರು ಪ್ರಮಾಣ ನೋಡಿ ಮರುಳಾಗಬೇಡಿ. ವಿಶ್ವದಲ್ಲಿ ಡಾರ್ಕ್ ಎನರ್ಜಿ (ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುವ ಶಕ್ತಿ) ಸುಮಾರು ಶೇ. 68, ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ತಿಳಿಯುವ ದ್ರವ್ಯ) ಶೇ. 27 ಅಷ್ಟೇ. ಆದರೆ ಗ್ಯಾಲಕ್ಸಿಗಳನ್ನು ಕಟ್ಟಿದ್ದು ಡಾರ್ಕ್ ಮ್ಯಾಟರ್.

ಆದಿಯಲ್ಲಿ ವಿಶ್ವ ಬಹುತೇಕ ಸಮನಾಗಿತ್ತು. ಲಕ್ಷದಲ್ಲಿ ಒಂದು ಭಾಗದಷ್ಟು ಏರುಪೇರು. ಸಾಮಾನ್ಯ ದ್ರವ್ಯ ಒಂದೆಡೆ ಸೇರಲು ಬೆಳಕಿನ ಒತ್ತಡ ಬಿಡುತ್ತಿರಲಿಲ್ಲ. ಬೆಳಕಿನ ಗೊಡವೆಯೇ ಇಲ್ಲದ ಡಾರ್ಕ್ ಮ್ಯಾಟರ್ ಅಷ್ಟರಲ್ಲೇ ಗುಂಪುಗೂಡಿ ಗುರುತ್ವದ ತಗ್ಗುಗಳನ್ನು ತೋಡಿಟ್ಟಿತ್ತು. ಸುಮಾರು 3.8 ಲಕ್ಷ ವರ್ಷಕ್ಕೆ ಬೆಳಕಿನ ಹಿಡಿತ ಸಡಿಲಿತು. ಆಮೇಲೆ ಅನಿಲ, ಮಳೆನೀರು ಹಳ್ಳ ಹುಡುಕಿ ಹರಿಯುವಂತೆ, ಆ ತಗ್ಗುಗಳಿಗೆ ಇಳಿಯಿತು. ನಕ್ಷತ್ರಗಳು ಹುಟ್ಟಿದ್ದು ಅಲ್ಲೇ. ಎಷ್ಟು ಸಲ ಓದಿದರೂ ನನಗೆ ಮೈ ಜುಂ ಎನ್ನುವ ಭಾಗವಿದು.

ಡಾರ್ಕ್ ಎನರ್ಜಿಯ ಪ್ರವೇಶ ತಡ. ಅದು ವಿಶ್ವದ ಹಿಗ್ಗುವಿಕೆಗೆ ವೇಗ ಕೊಡತೊಡಗಿದ್ದು ಸುಮಾರು 500 ಕೋಟಿ ವರ್ಷಗಳಿಂದೀಚೆಗೆ. ದೊಡ್ಡ ಗ್ಯಾಲಕ್ಸಿ ಗುಚ್ಛಗಳ ಬೆಳವಣಿಗೆ ಕುಂಠಿತವಾಯಿತು. ಆಗಲೇ ಬಿಗಿಯಾಗಿ ಕೂಡಿದ ನಮ್ಮ ಕ್ಷೀರಪಥಕ್ಕೆ ಏನೂ ಆಗಲಿಲ್ಲ.

ರಚನೆಯ ಕಥೆ ಹೇಳಬೇಕೆಂದರೆ ಡಾರ್ಕ್ ಮ್ಯಾಟರನ್ನೇ ಹಿಡಿಯಿರಿ. ಖಗೋಳಶಾಸ್ತ್ರಜ್ಞೆ ವೆರಾ ರೂಬಿನ್ 1970ರಲ್ಲಿ ಪ್ರಕಟಿಸಿದ, ಡಾರ್ಕ್ ಮ್ಯಾಟರಿನ ಸುಳಿವು ಕೊಡುವ ಆಂಡ್ರೊಮಿಡಾ ಗ್ಯಾಲಕ್ಸಿಯ ತಿರುಗುವ ವೇಗದ ನಕ್ಷೆಯನ್ನು ಬೋರ್ಡಿನ ಮೇಲೇ ಬಿಡಿಸಬಹುದು. ಸಂಖ್ಯಾಶಾಸ್ತ್ರ ಗಟ್ಟಿಯಿದ್ದವರು ಡಾರ್ಕ್ ಎನರ್ಜಿ ಹಿಡಿಯಬಹುದು; ಅದಕ್ಕೆ 1998ರ ಸೂಪರ್‌ನೋವಾ (ಸ್ಫೋಟಿಸುವ ನಕ್ಷತ್ರ) ಅಳತೆಗಳು ಒಳ್ಳೆಯ ಆರಂಭ.